ಸಹಿ ಅವರದೇ

ಅವರ ಸಂತಾಪ ನಿರ್ಣಯವನ್ನು ಬರೆದವಳು ನಾನೇ. ಮೂರು ಸಾಲು. ಮಂಡಳಿಯ ಮಾಜಿ ಕಾರ್ಯದರ್ಶಿಯವರ ದೀರ್ಘ ಸೇವೆಯನ್ನು ಸಭೆ ಸ್ಮರಿಸುತ್ತದೆ ಎಂಬ ಅರ್ಥ ಬರುವ ಇಂಗ್ಲಿಷ್. ಓದಿದ ಮೇಲೆ ಒಂದು ನಿಮಿಷ ಮೌನ. ಪರದೆಯ ಮೇಲಿದ್ದ ಸದಸ್ಯರೊಬ್ಬರು ತಮ್ಮ ಮೈಕ್ ಮುಚ್ಚಲು ಮರೆತಿದ್ದರು. ಅವರ ಮನೆಯಲ್ಲಿ ಯಾರೋ ಲೋಟದಲ್ಲಿ ಚಮಚ ತಿರುವುವ ಸದ್ದು ಆ ನಿಮಿಷವಿಡೀ ಕೇಳಿಸುತ್ತಿತ್ತು. ಆಮೇಲೆ ಎರಡನೆಯ ವಿಷಯಕ್ಕೆ ಹೋದೆವು. ಶಾಖೆಗಳ ಜನರೇಟರುಗಳಿಗೆ ಡೀಸೆಲ್.

ಆ ಮೂರು ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಓದುವಾಗ ನಾನು ತಲೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎನ್ನುವುದನ್ನು ಎಲ್ಲಾದರೂ ಒಂದು ಕಡೆ ಬರೆದಿಡಬೇಕು. ಅವರ ಹೆಸರು ಬರೆಯುವುದಿಲ್ಲ. ಅವರು ದುಡಿದ ದೇಶದ ಹೆಸರೂ ಬೇಡ.

ನಾನು ಪುತ್ತೂರಿನವಳು. ಮದುವೆಯಾಗಿ ಅಬುಧಾಬಿಗೆ ಬಂದು, ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಒಂದು ಹಳೆಯ ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ್ದೆ. ಬೇರೆ ಕಂಪನಿಗಳಿಗೆ ಪತ್ರ ಬರೆದುಕೊಡುವ, ಅವರ ಸಭೆಗಳ ನಡಾವಳಿ ಸಿದ್ಧಪಡಿಸುವ ಸಣ್ಣ ಸಂಸ್ಥೆ ನಮ್ಮದು. ಒಂದು ದಿನ ನಮ್ಮ ಮೇಲಿನ ಮಹಡಿಯ ಎರಡು ಕೋಣೆಗಳಿಗೆ ಹೊಸ ಬಾಡಿಗೆದಾರರು ಬಂದರು. ಯುದ್ಧದಲ್ಲಿ ಎರಡು ಹೋಳಾಗಿದ್ದ ದೇಶವೊಂದರ ಕೇಂದ್ರ ಬ್ಯಾಂಕ್. ರಾಜಧಾನಿಯ ಅವರ ಕಟ್ಟಡಕ್ಕೆ ಶೆಲ್ ಬಿದ್ದ ಮೇಲೆ ಗವರ್ನರ್ ಮತ್ತು ನಾಲ್ಕೈದು ಅಧಿಕಾರಿಗಳು ಇಲ್ಲಿಗೆ ಬಂದಿದ್ದರು. ಆಡಳಿತ ಮಂಡಳಿಯ ಉಳಿದ ಸದಸ್ಯರು ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ತಿಂಗಳಿಗೊಮ್ಮೆ ಸಭೆ, ಅರ್ಧ ಮಂದಿ ಮೇಜಿನ ಸುತ್ತ, ಅರ್ಧ ಮಂದಿ ಪರದೆಯ ಮೇಲೆ. ಬರೆದುಕೊಳ್ಳಲು ನಮ್ಮ ಸಂಸ್ಥೆಯವರು ನನ್ನನ್ನು ಮೇಲಕ್ಕೆ ಕಳಿಸಿದರು.

ಮೊದಲ ದಿನವೇ ಅಲ್ಲಿನ ಪ್ರಿಂಟರ್ ಕಾಗದ ಕಚ್ಚಿಕೊಂಡು ನಿಂತಿತು. ಸಭೆಗೆ ಹತ್ತು ನಿಮಿಷ ಇತ್ತು. "ಅಯ್ಯೋ ದೇವರೇ" ಎಂದು ನನ್ನಷ್ಟಕ್ಕೇ ಅಂದೆ.

"ದೇವರನ್ನು ಕರೀಬೇಡ ಮಗಳೇ. ಹಿಂದಿನ ಟ್ರೇ ತೆಗಿ," ಎಂದು ಬೆನ್ನ ಹಿಂದಿನಿಂದ ಯಾರೋ ಹೇಳಿದರು. ನಮ್ಮೂರಿನ ಕನ್ನಡ. ತಿರುಗಿ ನೋಡಿದರೆ ತೆಳ್ಳಗಿನ ವೃದ್ಧರೊಬ್ಬರು, ಗರಿಗರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಅವರೇ ಮಂಡಳಿಯ ಕಾರ್ಯದರ್ಶಿ.

ಪಾಣೆಮಂಗಳೂರಿನ ಬ್ಯಾರಿ ಕುಟುಂಬದವರು. ಟೈಪಿಂಗ್ ಶಾರ್ಟ್‌ಹ್ಯಾಂಡ್ ಪಾಸು ಮಾಡಿ, ಇಪ್ಪತ್ತೆರಡನೆಯ ವಯಸ್ಸಿಗೆ ಆ ದೇಶಕ್ಕೆ ಹೋಗಿ ಕೇಂದ್ರ ಬ್ಯಾಂಕಿನಲ್ಲಿ ಇಂಗ್ಲಿಷ್ ಟೈಪಿಸ್ಟ್ ಆದವರು. ಅಲ್ಲಿಯವರನ್ನೇ ಮದುವೆಯಾದರು. ಹೆಂಡತಿಯನ್ನು ಅಲ್ಲಿಯ ಮಣ್ಣಿಗೇ ಕೊಟ್ಟರು. ಎಷ್ಟೋ ಸರ್ಕಾರಗಳು ಬಂದು ಹೋದವು, ಗವರ್ನರುಗಳು ಬದಲಾದರು, ಅವರು ಮಾತ್ರ ಒಂದೊಂದೇ ಮೆಟ್ಟಿಲು ಹತ್ತಿ ಮಂಡಳಿಯ ಕಾರ್ಯದರ್ಶಿಯಾದರು. "ಅಲ್ಲಿ ಕಾಮಾ ಎಲ್ಲಿ ಹಾಕಬೇಕು ಅಂತ ಬೇರೆ ಯಾರಿಗೂ ಗೊತ್ತಿರ್ಲಿಲ್ಲ, ಹಾಗಾಗಿ ನಾನಾದೆ," ಎನ್ನುತ್ತಿದ್ದರು. ಯುದ್ಧ ರಾಜಧಾನಿಗೆ ಬಂದಾಗ ಒಂದು ಪೆಟ್ಟಿಗೆ ಬಟ್ಟೆ ಮತ್ತು ಟವೆಲಿನಲ್ಲಿ ಸುತ್ತಿದ ಕಾರ್ಯದರ್ಶಿಯ ಮೊಹರು ಹಿಡಿದುಕೊಂಡು ಹೊರಟವರು ದುಬೈನಲ್ಲಿದ್ದ ಮಗಳ ಮನೆ ಸೇರಿದ್ದರು. ಡಿಸ್ಕವರಿ ಗಾರ್ಡನ್ಸ್‌ನ ಆ ಮನೆಯಿಂದ ದಿನಾ ಬಸ್ಸಿನಲ್ಲಿ ಅಬುಧಾಬಿಗೆ ಬರುತ್ತಿದ್ದರು. ಬಸ್ಸು ತಡವಾದರೆ ಡ್ರೈವರನಿಗೆ ಉರ್ದುವಿನಲ್ಲಿ ಬೈಯುತ್ತಿದ್ದರು. ಅವರಿಗೆ ಸಿಟ್ಟು ಬರುವ ಭಾಷೆ ಅದೊಂದೇ.

ಆಫೀಸಿನಲ್ಲಿ ನಾನು 'ಸರ್' ಎನ್ನಬೇಕು. ಕೆಳಗಿನ ಕೆಫೆಟೇರಿಯಾದಲ್ಲಿ 'ಸಾಹೇಬ್ರೇ' ಎನ್ನಬಹುದು. ಮಧ್ಯಾಹ್ನ ಅವರ ಡಬ್ಬಿಯಲ್ಲಿ ಮಗಳು ಕಟ್ಟಿದ ಪತ್ತಿರ್, ಅಂದರೆ ಅಕ್ಕಿರೊಟ್ಟಿ, ಇರುತ್ತಿತ್ತು. ಪತ್ತಿರ್ ಹಂಚುತ್ತಿದ್ದರು, ಮಾವಿನ ಉಪ್ಪಿನಕಾಯಿ ಹಂಚುತ್ತಿರಲಿಲ್ಲ. "ಇದು ಊರಿನಿಂದ ಬಂದದ್ದು, ನೀನು ಕೇಳಬೇಡ," ಎಂದು ಮುಖ ನೋಡದೆ ಹೇಳಿಬಿಡುತ್ತಿದ್ದರು.

ಯುದ್ಧದಲ್ಲಿರುವ ದೇಶದ ಕೇಂದ್ರ ಬ್ಯಾಂಕ್ ಎಂದರೆ ನಾನು ಏನೇನೋ ಅಂದುಕೊಂಡಿದ್ದೆ. ಗೋಡೆಯ ಮೇಲೆ ನಕಾಶೆ ಇರುತ್ತದೆ, ಪಿಸುಮಾತಿನಲ್ಲಿ ಗಂಭೀರ ತೀರ್ಮಾನಗಳಾಗುತ್ತವೆ ಎಂದು. ಮೊದಲ ಸಭೆಯಲ್ಲಿ ಚರ್ಚೆಯಾದದ್ದು ಒಬ್ಬ ಡ್ರೈವರನ ನಿವೃತ್ತಿ, ತಿಜೋರಿ ಕೋಣೆಯಲ್ಲಿ ಗೆದ್ದಲು, ಮತ್ತು ಅಂಟಿನ ಟೆಂಡರಿಗೆ ಒಂದೇ ದರಪಟ್ಟಿ ಬಂದದ್ದು ಯಾಕೆ ಎನ್ನುವುದು. ಅಂಟಿನ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಯಿತು. ಆ ವಾರ ಅವರ ರಾಜಧಾನಿಯ ಆಸ್ಪತ್ರೆಯೊಂದು ನೆಲಸಮವಾಗಿತ್ತು.

ಸಭೆ ಮುಗಿದ ಮೇಲೆ ನನ್ನ ಮುಖ ನೋಡಿ ಅವರು ನಕ್ಕರು. "ಎಂತ, ನಿನಗೆ ನಗೆ ಬರ್ತದಾ? ಯುದ್ಧ ಅಂತ ಹೇಳಿ ಜನ ಹಲ್ಲುಜ್ಜುವುದು ಬಿಡ್ತಾರಾ? ಹಾಗೇ ಇದು. ಅಂಟಿಲ್ಲದಿದ್ರೆ ನಾಳೆ ನೋಟಿನ ಕಟ್ಟು ಬಿಚ್ಚಿಹೋಗ್ತದೆ. ಬ್ಯಾಂಕು ಬಾಂಬಿಗೆ ಬೀಳುವುದಿಲ್ಲ ಮಗಳೇ, ಇಂಥದ್ದಕ್ಕೆ ಬೀಳುವುದು."

ಅವರಿಂದ ನಾನು ಕಲಿತದ್ದು ಬರೆಯುವುದನ್ನು. ನನ್ನ ಕರಡಿನಲ್ಲಿ 'ದುರದೃಷ್ಟವಶಾತ್' ಎಂದಿದ್ದರೆ ಹೊಡೆದುಹಾಕುತ್ತಿದ್ದರು. 'ವಿವರವಾದ ಚರ್ಚೆಯ ನಂತರ' ಎಂದಿದ್ದರೆ, "ಎಷ್ಟು ವಿವರ? ಎರಡು ನಿಮಿಷ ಆಯ್ತು. ತೆಗಿ," ಎನ್ನುತ್ತಿದ್ದರು. ಹಾಜರಿ ಬರೆಯುವಾಗ ಮಾತ್ರ ಅವರು ಬಹಳ ನಿಧಾನ. ಬಾರದ ಸದಸ್ಯರ ಮುಂದೆ ಬರೀ 'ಗೈರುಹಾಜರು' ಎಂದು ಬರೆಯಲು ಬಿಡುತ್ತಿರಲಿಲ್ಲ. ಆ ಊರಿನಲ್ಲಿ ವಿದ್ಯುತ್ ಇಲ್ಲದ್ದರಿಂದ, ವಿಮಾನ ನಿಲ್ದಾಣ ಮುಚ್ಚಿದ್ದರಿಂದ, ತಾಯಿ ತೀರಿದ್ದರಿಂದ ಎಂದು ಬರೆಯಬೇಕು. "ಬರ್ಲಿಲ್ಲ ಅಂದ್ರೆ ಅದು ಅರ್ಧ ಮಾತು. ಯಾಕೆ ಬರ್ಲಿಲ್ಲ ಅಂತ ಬರೆದ್ರೆ ಪೂರ್ತಿ ಆಗ್ತದೆ."

ಅವರನ್ನು ಸಂತ ಮಾಡುವ ಆಸೆ ನನಗಿಲ್ಲ. ತಮ್ಮ ಕೈಬರಹದ ಬಗ್ಗೆ ಅವರಿಗೆ ವಿಪರೀತ ಹೆಮ್ಮೆ. ಬೀದಿಯ ಟೈಪಿಂಗ್ ಸೆಂಟರಿನವರನ್ನು ಕಂಡರೆ ತಾತ್ಸಾರ. ಒಮ್ಮೆ ನಾನು ಅವರನ್ನು ಹೊಗಳಲು ಹೋದಾಗ ತಡೆದರು: "ಇಷ್ಟು ವರ್ಷ ಬರೆದದ್ದರಲ್ಲಿ ಎಷ್ಟು ಸತ್ಯ ಉಂಟು ಅಂತ ಕೇಳಬೇಡ. ಎಷ್ಟೋ ಗವರ್ನರುಗಳು ತೆಗೀರಿ ಅಂದದ್ದನ್ನು ತೆಗ್ದಿದ್ದೇನೆ. ಹೊಟ್ಟೆ ಉಂಟಲ್ಲ." ಹೀಗೆಂದು ಉಪ್ಪಿನಕಾಯಿಯ ಮುಚ್ಚಳ ಹಾಕಿದರು.

ಬೆಳಿಗ್ಗೆ ಬಂದ ಕೂಡಲೇ ಅವರು ಮಾಡುತ್ತಿದ್ದ ಕೆಲಸ ಶಾಖೆಗಳಿಗೆ ಫೋನು. ಆ ದೇಶದ ಊರೂರಿನಲ್ಲಿ ಉಳಿದಿದ್ದ ಶಾಖೆಗಳಿಗೆ ಒಂದೊಂದಾಗಿ ಕರೆ ಮಾಡಿ, ಬಾಗಿಲು ತೆರೆದಿದೆಯೇ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಬಂದರು ಪಟ್ಟಣದ ಶಾಖೆಯ ಮುಖ್ಯಸ್ಥೆಯ ದನಿ ನನಗೂ ಪರಿಚಯವಾಗಿತ್ತು. ಸ್ಪೀಕರಿನಲ್ಲಿ ಆಕೆ ಮಾತನಾಡುತ್ತಿದ್ದಾಗ ಹಿಂದಿನಿಂದ ದೊಪ್ ದೊಪ್ ಎಂದು ಕೇಳಿಸುತ್ತಿತ್ತು. ಆಕೆ ಮಾತ್ರ ಇಂಕ್ ಪ್ಯಾಡ್ ಒಣಗಿದೆ ಎಂದು ದೂರುತ್ತಿದ್ದಳು. ಒಮ್ಮೆ ಅಲ್ಲಿ ನೀರಿನ ಪೈಪು ಒಡೆದು ನೋಟುಗಳು ನೆನೆದಾಗ, ಅವಳ ಸಿಬ್ಬಂದಿ ಅವನ್ನು ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿದ್ದರು. ನೋಟುಗಳನ್ನು ಬಯಲಿನಲ್ಲಿ ಇಟ್ಟದ್ದು ಯಾವ ನಿಯಮದ ಪ್ರಕಾರ ಎಂದು ಮಂಡಳಿಯ ಸದಸ್ಯರೊಬ್ಬರು ವಿವರಣೆ ಕೇಳಿದರು. ಆ ಉತ್ತರವನ್ನು ಸಾಹೇಬರೇ ಬರೆದರು. 'ಕಟ್ಟಡದ ಒಳಗೆ ಒಣ ಜಾಗ ಇರಲಿಲ್ಲ.' ಅಷ್ಟೇ.

ಕೆಲವು ತಿಂಗಳ ನಂತರ ಆ ಪಟ್ಟಣವನ್ನು ಸೈನ್ಯ ಸುತ್ತುವರಿಯಿತು. ಫೋನು ನಿಂತಿತು. ಸಾಹೇಬರು ದಿನಾ ಆ ನಂಬರಿಗೆ ಕರೆ ಮಾಡಿ, ಒಂದು ನಿಮಿಷ ಕಿವಿಗಿಟ್ಟುಕೊಂಡು, ಕೆಳಗಿಡುತ್ತಿದ್ದರು. ಹೀಗೆ ಆರು ವಾರ ಕಳೆಯಿತು.

ಆ ತಿಂಗಳ ಸಭೆಯಲ್ಲಿ ಒಂಬತ್ತನೆಯ ವಿಷಯ ಹೀಗಿತ್ತು: ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ರಜೆ ಇಲ್ಲದೆ ಗೈರುಹಾಜರಾದ ನೌಕರರನ್ನು ಸೇವೆ ಬಿಟ್ಟವರೆಂದು ಪರಿಗಣಿಸಿ ಪಟ್ಟಿಯಿಂದ ತೆಗೆಯುವುದು. ಪ್ರತಿ ವರ್ಷವೂ ಮಾಡುವಂಥದ್ದೇ. ಈ ಸಲದ ಪಟ್ಟಿಯಲ್ಲಿ ಬಂದರು ಶಾಖೆಯ ಹತ್ತೊಂಬತ್ತು ಜನರೂ ಇದ್ದರು.

"ರೊಟೀನ್," ಎಂದರು ಗವರ್ನರ್. "ಆಕ್ಷೇಪಣೆ?"

ಕಾರ್ಯದರ್ಶಿಗೆ ಮತ ಇಲ್ಲ, ಮಾತೂ ಇಲ್ಲ. ಆದರೂ ಸಾಹೇಬರು ಕೈ ಎತ್ತಿದರು.

"ಸರ್, ತೆಗೆಯುವ ಮೊದಲು ನೋಟಿಸು ತಲುಪಬೇಕು ಅಂತ ನಿಯಮ ಇದೆ. ನೋಟಿಸು ತಲುಪಿಲ್ಲ. ತಲುಪಿಸಲು ದಾರಿಯೇ ಇಲ್ಲ. ಅವರು ಗೈರುಹಾಜರಲ್ಲ ಸರ್, ರಸ್ತೆ ಗೈರುಹಾಜರು."

ಪರದೆಯ ಮೇಲೆ ಒಬ್ಬರು ನಕ್ಕರು. "ನೋಟೆಡ್," ಎಂದರು ಗವರ್ನರ್, ಹತ್ತನೆಯ ವಿಷಯಕ್ಕೆ ಹೋಗುತ್ತ.

ನೋಟೆಡ್ ಎಂದರೆ ಬಹಳ ಜನರಿಗೆ 'ಸಾಕು, ಸುಮ್ಮನಿರು' ಎಂದರ್ಥ. ಸಾಹೇಬರಿಗೆ ಅದರರ್ಥ ಬರೆದುಕೋ ಎಂದು. ನಡಾವಳಿಯ ಕರಡಿನಲ್ಲಿ ಒಂದು ವಾಕ್ಯ ಬರೆಸಿದರು: 'ಪಟ್ಟಣದೊಂದಿಗೆ ಸಂಪರ್ಕ ಕಡಿದಿರುವುದರಿಂದ ನೌಕರರಿಗೆ ನೋಟಿಸು ತಲುಪಿಸಲಾಗಿಲ್ಲವೆಂದು ಕಾರ್ಯದರ್ಶಿ ತಿಳಿಸಿದರು.' ಆ ವಾಕ್ಯ ಇದ್ದರೆ ನಿರ್ಣಯ ಊರ್ಜಿತವಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಗವರ್ನರಿಗೂ ಗೊತ್ತಿತ್ತು. ತೆಗೆಯಿರಿ ಎಂದು ಗವರ್ನರ್ ಹೇಳಿಕಳಿಸಿದರು. ಸಾಹೇಬರು ತೆಗೆಯಲಿಲ್ಲ.

"ಯಾಕೆ ಸಾಹೇಬ್ರೇ ಈ ಸಲ?" ಎಂದು ಕೇಳಿದೆ.

"ಹಿಂದೆ ತೆಗ್ದದ್ದೆಲ್ಲ ಕಾಗದದ ವಿಷಯ," ಎಂದರು. "ಇವರ ದನಿ ನಾನು ದಿನಾ ಕೇಳಿದ್ದೇನೆ."

ಮರುದಿನ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಒಂದು ವಾರ ರಜೆ. ಹೋಗುವಾಗ, "ನಾನು ಬಂದು ಸಹಿ ಹಾಕ್ತೇನೆ, ಆಯ್ತಾ?" ಎಂದು ಹೇಳಿ ಹೋದರು.

ಎರಡು ದಿನ ಬಿಟ್ಟು ಬ್ಯಾಂಕಿನ ಆಡಳಿತ ನಿರ್ದೇಶಕರು ನನ್ನ ಮೇಜಿನ ಬಳಿಗೆ ಬಂದರು. ಬಹಳ ಮರ್ಯಾದಸ್ಥ ಮನುಷ್ಯ. ದನಿ ಎತ್ತಿದವರಲ್ಲ. ನಡಾವಳಿ ಇವತ್ತೇ ಹೋಗಬೇಕು, ಒಂಬತ್ತನೆಯ ವಿಷಯದ ಕೊನೆಯ ವಾಕ್ಯ ಅನಗತ್ಯ, ಕಾರ್ಯದರ್ಶಿಗಳ ಸಹಿ ನಿಮ್ಮ ಕಂಪ್ಯೂಟರಿನಲ್ಲೇ ಇದೆಯಲ್ಲ ಎಂದರು. ಇತ್ತು. ಸಣ್ಣಪುಟ್ಟ ಪತ್ರಗಳಿಗೆ ಬೇಕಾಗುತ್ತದೆಂದು ಸಾಹೇಬರೇ ತಮ್ಮ ಸಹಿಯನ್ನು ಸ್ಕ್ಯಾನ್ ಮಾಡಿ ನನಗೆ ಕೊಟ್ಟಿದ್ದರು. ಆಮೇಲೆ ನಿರ್ದೇಶಕರು ಇನ್ನೊಂದು ಮಾತು ಹೇಳಿದರು: "ಮುಂದಿನ ವರ್ಷ ನಮ್ಮದೇ ನೌಕರರಾಗಿ ಒಬ್ಬ ಕಾರ್ಯದರ್ಶಿ ಬೇಕಾಗುತ್ತಾರೆ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ."

ಹೆದರಿಸಿದರು ಎಂದು ಹೇಳುವಂತಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವರು ಹೆದರಿಸಲಿಲ್ಲ. ಗಂಡನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು, ಅವನ ಮತ್ತು ಮಗಳ ವೀಸಾ ನನ್ನ ಹೆಸರಿನಲ್ಲಿತ್ತು, ಇದೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಅದಲ್ಲ. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದರಲ್ಲ, ಅದು. ವಾಕ್ಯ ಅಳಿಸಿದೆ. ಸಹಿಯನ್ನು ತಂದು ಅಂಟಿಸಿದೆ. ಅದು ಸ್ವಲ್ಪ ಓರೆಯಾಗಿ ಕೂತಿತ್ತು, ಸರಿಮಾಡಿದೆ. ಎಲ್ಲ ಸೇರಿ ಹತ್ತು ನಿಮಿಷವಾಗಿರಬೇಕು. ಆಮೇಲೆ ಕೆಳಗೆ ಹೋಗಿ ಚಹಾ ಕುಡಿದೆ.

ಆ ವಾರದ ಕೊನೆಗೆ ಪಟ್ಟಣದಲ್ಲಿ ಎರಡು ದಿನ ಗುಂಡು ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದರು. ಜನರನ್ನು ಹೊರಗೆ ತರಲು ಪರಿಹಾರ ಸಂಸ್ಥೆಯೊಂದು ಬಸ್ಸುಗಳನ್ನು ಕಳಿಸುತ್ತಿತ್ತು. ಗಾಯಾಳುಗಳು, ಮಕ್ಕಳು, ಆಮೇಲೆ ಸರ್ಕಾರಿ ಕಚೇರಿಗಳ ನೌಕರರು ಮತ್ತು ಅವರ ಮನೆಯವರು. ನಿಮ್ಮ ಶಾಖೆಯ ನೌಕರರ ಪಟ್ಟಿ ಕಳಿಸಿ ಎಂದು ಅವರಿಂದ ಪತ್ರ ಬಂತು. ನಾನು ಪಟ್ಟಿ ತೆರೆದೆ. ಬಂದರು ಶಾಖೆಯ ಎದುರು ಒಂದು ಹೆಸರೂ ಇರಲಿಲ್ಲ, ನಿರ್ಣಯದಂತೆ ತೆಗೆದಾಗಿತ್ತು. 'ಆ ಪಟ್ಟಣದಲ್ಲಿ ನಮ್ಮ ನೌಕರರು ಯಾರೂ ಇಲ್ಲ' ಎಂದು ಬರೆದೆ. ಕಳಿಸುವ ಮೊದಲು ನಿರ್ದೇಶಕರನ್ನು ಕೇಳಿದೆ. "ದಾಖಲೆಯಲ್ಲಿ ಇರುವುದನ್ನು ಕಳಿಸಿ," ಎಂದರು. ಕಳಿಸಿದೆ.

ಮೊದಲ ದಿನದ ಬಸ್ಸುಗಳು ಹೊರಟುಹೋದವು.

ಎರಡನೆಯ ದಿನ ಬೆಳಿಗ್ಗೆ ಸಾಹೇಬರು ರಜೆ ಮುಗಿಯುವ ಮೊದಲೇ ಬಂದುಬಿಟ್ಟರು. ಕಣ್ಣಿಗೆ ಕಪ್ಪು ಕನ್ನಡಕ. ಮಗಳು ಫೋನು ಮುಟ್ಟಲು ಬಿಟ್ಟಿರಲಿಲ್ಲವಂತೆ. ಬಸ್ಸುಗಳ ಸುದ್ದಿಯನ್ನು ಅಳಿಯನ ಬಾಯಲ್ಲಿ ಕೇಳಿ, ಮಗಳ ಜೊತೆ ಜಗಳವಾಡಿ ಬಂದಿದ್ದರು.

"ಬಂದರಿನವರ ಪಟ್ಟಿ ಹೋಯ್ತಾ?"

"ಅವರು ಈಗ ನೌಕರರಲ್ಲ ಸರ್," ಎಂದೆ. 'ಸರ್' ಎಂದು ನಾನು ಅಂದದ್ದು ನನಗೇ ಕೇಳಿಸಿತು.

"ಯಾರು ಹೇಳಿದ್ದು?"

ನಡಾವಳಿ ತೋರಿಸಿದೆ. ಅವರು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣು ಕೆಂಪಗೆ ನೀರೂರುತ್ತಿತ್ತು. ಒಂಬತ್ತನೆಯ ವಿಷಯ ಓದಿದರು. ಕೆಳಗೆ ತಮ್ಮ ಸಹಿ ನೋಡಿದರು. ಕಾಗದವನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ನೀನಾ?"

"ಹೌದು."

"ಏಳು," ಎಂದರು.

ನಾನು ಕುರ್ಚಿ ಬಿಟ್ಟು ಎದ್ದೆ. ಅವರು ನನ್ನ ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡತೊಡಗಿದರು. ಅಷ್ಟು ದಿನದಲ್ಲಿ ಅವರು ಟೈಪು ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತೂ ಬೆರಳು ಓಡುತ್ತಿದ್ದವು. ಕಣ್ಣು ಮುಚ್ಚಿಕೊಂಡಿದ್ದರು. ಹತ್ತೊಂಬತ್ತು ಹೆಸರು, ತಂದೆಯ ಹೆಸರು, ಹುದ್ದೆ, ಎಲ್ಲ ಬಾಯಿಪಾಠ. ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಫೋಟೋ ತೆಗೆದು ಪರಿಹಾರ ಸಂಸ್ಥೆಗೆ ಕಳಿಸಿದರು. ಕಳಿಸಿದ ಮೇಲೆ ಅವರಿಗೆ ಫೋನು ಮಾಡಿ, ಹೆಸರುಗಳನ್ನು ಒಂದೊಂದಾಗಿ ಮತ್ತೊಮ್ಮೆ ಓದಿ ಹೇಳಿದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಕೂತುಕೋ ಎಂದು ಅವರು ಹೇಳಲಿಲ್ಲ.

ಆ ಸಂಜೆಯ ಬಸ್ಸಿನಲ್ಲಿ ಹನ್ನೊಂದು ಜನ ಹೊರಬಂದರು. ಶಾಖೆಯ ಮುಖ್ಯಸ್ಥೆಯೂ ಅವರಲ್ಲಿ ಒಬ್ಬಳು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆರನೆಯ ವಿಷಯ: ಒಂದೇ ಕಚೇರಿಯಿಂದ ಎರಡು ದಿನ ಎರಡು ಬಗೆಯ ಪಟ್ಟಿ ಹೋದದ್ದು. ಪರಿಹಾರ ಸಂಸ್ಥೆಯವರು ವಿವರಣೆ ಕೇಳಿದ್ದರು. ಸಾಹೇಬರು ಎಂದಿನ ಜಾಗದಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನು, ಕೈಯಲ್ಲಿ ಪೆನ್ನು.

ಗವರ್ನರ್ ಕಾಗದ ತೋರಿಸಿ ಕೇಳಿದರು: "ಒಂಬತ್ತನೆಯ ನಿರ್ಣಯದ ನಡಾವಳಿಗೆ ಸಹಿ ಹಾಕಿದ್ದು ನೀವಲ್ಲವೆ?"

ಸಾಹೇಬರು ಕಾಗದವನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. "ಸಹಿ ನನ್ನದೇ."

"ಅದಕ್ಕೆ ವಿರುದ್ಧವಾದ ಪಟ್ಟಿ ಕಳಿಸಿದ್ದು?"

"ಅಲ್ಲಿರುವುದೂ ನನ್ನ ಸಹಿಯೇ."

"ಎರಡರಲ್ಲಿ ಯಾವುದು ಸರಿ?"

"ಎರಡನೆಯದು."

"ಹಾಗಾದರೆ ಮೊದಲನೆಯದು ಯಾರ ತಪ್ಪು?"

"ಸಹಿ ಯಾರದ್ದೋ ಅವರದ್ದು," ಎಂದರು.

ನನಗೆ ಬೇಕಾದಷ್ಟು ಸಮಯ ಸಿಕ್ಕಿತ್ತು. ಗವರ್ನರ್ ನೀರು ಕುಡಿದರು. ಪರದೆಯ ಮೇಲಿನವರು ಒಬ್ಬೊಬ್ಬರಾಗಿ ಕೆಮ್ಮಿದರು. ನಿರ್ದೇಶಕರು ನನ್ನತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿದರು. 'ಆ ಸಹಿ ಅಂಟಿಸಿದ್ದು ನಾನು' ಎನ್ನಲು ಎಷ್ಟು ಹೊತ್ತು ಬೇಕು? ನಾನು ಬರೆದುಕೊಳ್ಳುತ್ತಿದ್ದೆ. 'ಸಹಿ ತಮ್ಮದೇ ಎಂದು ಕಾರ್ಯದರ್ಶಿ ಒಪ್ಪಿಕೊಂಡರು' ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.

ವಯಸ್ಸು ಮತ್ತು ದೃಷ್ಟಿಯ ಕಾರಣದಿಂದ ಅವರಿಗೆ ನಿವೃತ್ತಿ ಕೊಡುವುದೆಂದು ತೀರ್ಮಾನವಾಯಿತು. ಯಾರೂ ಆಕ್ಷೇಪಿಸಲಿಲ್ಲ. ನನ್ನ ಕರಡನ್ನು ಸಾಹೇಬರು ಪಕ್ಕಕ್ಕೆ ಎಳೆದುಕೊಂಡು, ತಮ್ಮ ನಿವೃತ್ತಿಯ ವಾಕ್ಯದಲ್ಲಿ ನಾನು ಹಾಕಿದ್ದ 'ವಿಷಾದದಿಂದ' ಎಂಬ ಪದವನ್ನು ಹೊಡೆದುಹಾಕಿ ಹಿಂದಕ್ಕೆ ತಳ್ಳಿದರು.

ಸಭೆ ಮುಗಿದ ಮೇಲೆ ಲಿಫ್ಟಿನ ಬಳಿ ಅವರನ್ನು ಹಿಡಿದೆ. ಅವರ ಕೈಯಲ್ಲಿ ಡಬ್ಬಿಯ ಚೀಲ ಇತ್ತು.

"ಸಾಹೇಬ್ರೇ, ನಾನು..."

"ನನ್ನ ಹತ್ರ ಹೇಳಬೇಡ ಮಗಳೇ," ಎಂದರು. ಸಿಟ್ಟಿರಲಿಲ್ಲ. ದಣಿದಿದ್ದರು. "ಹೇಳುವ ಜಾಗ ಒಳಗಿತ್ತು."

ಲಿಫ್ಟು ಬಂತು. ಹೋದರು.

ಮೂರು ತಿಂಗಳಲ್ಲಿ ಅವರ ಕುರ್ಚಿಗೆ ನಾನು ಬಂದೆ. ನೇಮಕದ ಪತ್ರ ಬಂದ ದಿನ ಗಂಡ ಮಸಾಲೆ ದೋಸೆ ತಿನ್ನಿಸಲು ಕರೆದುಕೊಂಡು ಹೋದ. ಅವನಿಗೆ ನಾನು ಏನೂ ಹೇಳಿರಲಿಲ್ಲ. ಪ್ರತಿ ಈದ್‌ಗೆ, ದೀಪಾವಳಿಗೆ ಸಾಹೇಬರಿಂದ ಸಂದೇಶ ಬರುತ್ತಿತ್ತು. 'ನಿನಗೂ, ಯಜಮಾನರಿಗೂ, ಮಗುವಿಗೂ' ಎಂದು, ಎಲ್ಲ ಕಾಮಾಗಳೊಂದಿಗೆ. ನಾನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತಿದ್ದೆ. "ವೈ ಡೋಂಟ್ ವಿ ಸೀ ದಟ್ ತಾತಾ ಎನಿಮೋರ್?" ಎಂದು ಮಗಳು ಕೇಳಿದರೆ, ಅವರಿಗೆ ದೂರ ಆಗ್ತದೆ ಮಗಾ ಎನ್ನುತ್ತಿದ್ದೆ. ಅಬುಧಾಬಿಯಿಂದ ಡಿಸ್ಕವರಿ ಗಾರ್ಡನ್ಸ್‌ಗೆ ಒಂದು ಬಸ್ಸು. ಅವರ ಮಗಳು ಒಮ್ಮೆ ಫೋನು ಮಾಡಿ, "ಅಕ್ಕಾ, ಉಪ್ಪ ಆಸ್ಪತ್ರೆಯಲ್ಲಿದ್ದಾರೆ, ನಿಮ್ಮ ಬಗ್ಗೆ ಕೇಳಿದ್ರು," ಎಂದಳು. ಶುಕ್ರವಾರ ಬರುತ್ತೇನೆ ಎಂದೆ. ಎರಡು ಶುಕ್ರವಾರ ಹೋಗಲಿಲ್ಲ. ಮೂರನೆಯದು ಬರುವ ಮೊದಲು ಅವರು ತೀರಿಕೊಂಡರು.

ಸಂತಾಪ ನಿರ್ಣಯವಾಗಿ ಹತ್ತು ದಿನಕ್ಕೆ ಕಚೇರಿಗೆ ಒಬ್ಬ ಹೆಂಗಸು ಬಂದಳು. ಕಪ್ಪು ಅಬಾಯಾ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಬಾಯಿ ತೆರೆದ ಕೂಡಲೇ ಗುರುತು ಹಿಡಿದೆ. ಬಂದರು ಶಾಖೆಯ ಮುಖ್ಯಸ್ಥೆ. ಈಗ ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ತಂಗಿಯ ಜೊತೆ ಇದ್ದಾಳೆ. ಬೇರೆ ಕೆಲಸಕ್ಕೆ ಅರ್ಜಿ ಹಾಕಲು ಸೇವಾ ಪ್ರಮಾಣಪತ್ರ ಬೇಕಿತ್ತು. ಇಂಗ್ಲಿಷಿನಲ್ಲಿ ಮಾತಾಡಿದಳು.

"ಹಿಂದೆ ಇಲ್ಲಿ ಒಬ್ಬ ಮುದುಕ ಇದ್ದನಲ್ಲ, ಇದ್ದಾನಾ?"

"ತೀರಿಕೊಂಡರು."

"ಓ," ಎಂದಳು. "ದೇವರು ಅವನನ್ನು ಕ್ಷಮಿಸಲಿ. ನಾವು ಕ್ಷಮಿಸಿರಲಿಲ್ಲ."

"ಯಾಕೆ?"

"ಮೊದಲ ದಿನ ನಾವು ಹತ್ತೊಂಬತ್ತು ಜನವೂ ಶಾಲೆಯ ಮೈದಾನಕ್ಕೆ ಹೋಗಿದ್ದೆವು. ಮಕ್ಕಳನ್ನು ಕಟ್ಟಿಕೊಂಡು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ವಾಪಸು ಕಳಿಸಿದರು. ಎರಡನೆಯ ದಿನ ಎಂಟು ಜನ ಮತ್ತೆ ಬರಲಿಲ್ಲ. ಒಮ್ಮೆ ಇಲ್ಲ ಅಂದ ಮೇಲೆ ಯಾಕೆ ಬರುತ್ತಾರೆ? ನಾವು ಹೊರಗೆ ಬಂದ ಮೇಲೆ ಅವನು ಎಲ್ಲರಿಗೂ ಫೋನು ಮಾಡಿದ. ಕಣ್ಣಿನ ಆಪರೇಷನ್ ಇತ್ತು, ಮಲಗಿದ್ದೆ, ಪಟ್ಟಿ ತಡವಾಯಿತು, ತಪ್ಪು ನನ್ನದು ಎಂದ. ಆ ಎಂಟು ಜನ ಎಲ್ಲಿ ಎಂದು ಕೇಳಿದ. ಕೇಳಲು ಇವನು ಯಾರು ಎಂದು ನಾನು ಫೋನಿಟ್ಟೆ."

ಅವಳ ಎದುರು ನಾನು ಸಹಿ ಹಾಕಬೇಕಿದ್ದ ಪ್ರಮಾಣಪತ್ರ ಇತ್ತು. ಸೇವೆಯ ಕೊನೆಯ ದಿನದ ಎದುರು ಒಂಬತ್ತನೆಯ ನಿರ್ಣಯದ ತಾರೀಖು. ಪೆನ್ನು ಕೆಳಗಿಟ್ಟು ಹೇಳಿದೆ. ವಾಕ್ಯ ಅಳಿಸಿದ್ದು, ಸಹಿ ಅಂಟಿಸಿದ್ದು, ನಿಮ್ಮ ಪಟ್ಟಣದಲ್ಲಿ ನಮ್ಮವರು ಯಾರೂ ಇಲ್ಲ ಎಂದು ಬರೆದು ಕಳಿಸಿದ್ದು, ಅವರು ಕಣ್ಣು ಮುಚ್ಚಿಕೊಂಡು ಹತ್ತೊಂಬತ್ತು ಹೆಸರು ಟೈಪು ಮಾಡಿದ್ದು, ಸಭೆಯಲ್ಲಿ ನಾನು ಪಕ್ಕದಲ್ಲೇ ಕೂತು ಸುಮ್ಮನಿದ್ದದ್ದು. ಒಂದನ್ನೂ ಬಿಡದೆ ಹೇಳಿದೆ. ಅಳು ಬರಲಿಲ್ಲ. ಅವಳೂ ಅಳಲಿಲ್ಲ. ಬೈಯಲಿ ಎಂದು ಕಾದೆ.

ಅವಳು ಫೈಲಿನ ಗುಂಡಿಯನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು. ಆಮೇಲೆ ತನ್ನ ಫೋನು ತೆಗೆದು ಏನನ್ನೋ ಹುಡುಕಿ, ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟಳು. ಅವರ ನಂಬರಿನಿಂದ ಬಂದು ಎತ್ತದೆ ಹೋದ ಕರೆಗಳು. ಸಾಲಾಗಿ ಕೆಂಪು ಗುರುತುಗಳು. ಕೊನೆಯದು ಅವರು ಆಸ್ಪತ್ರೆಯಲ್ಲಿದ್ದ ವಾರದ್ದು.

"ನಾನು ಎತ್ತಲಿಲ್ಲ," ಎಂದಳು. "ಬೇಕೆಂದೇ ಎತ್ತಲಿಲ್ಲ. ಬೇರೆಯವರಿಗೂ ಎತ್ತಬೇಡಿ ಎಂದಿದ್ದೆ."

ಅವರ ಮಗಳ ಮನೆ ಎಲ್ಲಿ ಎಂದು ಕೇಳಿದಳು. ವಿಳಾಸ ಬರೆದುಕೊಟ್ಟೆ. ನಾನೂ ಬರುತ್ತೇನೆ ಎಂದೆ.

"ಬೇಡ," ಎಂದು ಎದ್ದಳು. ಪ್ರಮಾಣಪತ್ರ ಮೇಜಿನ ಮೇಲೆಯೇ ಉಳಿದಿತ್ತು. ಬಾಗಿಲಿನ ತನಕ ಹೋದವಳು ನಿಂತು, ಹಿಂದಿರುಗಿ ನೋಡದೆ ಹೇಳಿದಳು:

"ನೀನು ಮಾಡಿದ್ದು ನಿನ್ನದು. ಆದರೆ ಅವನಿಗೆ ನನ್ನ ಕೈಯಲ್ಲೂ ಅನ್ಯಾಯ ಮಾಡಿಸಿದೆಯಲ್ಲ."